ತಣ್ಣಗಿದ್ದ ರೇಡಿಯೇಟರು

ತಣ್ಣಪ್ಪ ಎನ್ನುವುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಲಾರಿ ಡ್ರೈವರುಗಳು ಇಟ್ಟದ್ದು. ಬುಸುಗುಟ್ಟುತ್ತ ಹಬೆ ಉಗುಳುತ್ತ ಬಂದ ಗಾಡಿಗಳನ್ನು ಜೀವನವಿಡೀ ತಣ್ಣಗೆ ಮಾಡಿ ಕಳಿಸಿದವನು ಅವನು. ಅವನ ರೇಡಿಯೇಟರ್ ಅಂಗಡಿಯಲ್ಲಿ ಬೆಸುಗೆಯ ವಾಸನೆ, ಒಂದು ನೀರಿನ ತೊಟ್ಟಿ ಮತ್ತು ಬೇಕಾದಷ್ಟು ಜಂಬ ಇದ್ದವು. ರೇಡಿಯೇಟರು ಸೋರಿದರೆ ಕೆಲವರು ಒಳಗೆ ಒಂದು ಪುಡಿ ಸುರಿಯುತ್ತಾರೆ. ಅದು ತೂತಿನಲ್ಲಿ ಕಚ್ಚಿಕೊಂಡು ಸೋರಿಕೆ ನಿಲ್ಲಿಸುತ್ತದೆ. ಆ ಪುಡಿಯ ಹೆಸರೆತ್ತಿದರೆ ತಣ್ಣಪ್ಪನಿಗೆ ಮೈಯೆಲ್ಲ ಉರಿ. ಪುಡಿ ಹಾಕುವವನು ಮೆಕ್ಯಾನಿಕ್ಕೇ ಅಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಭಾಷಣ ಬಿಗಿಯುತ್ತಿದ್ದ.

ಈ ಭಾಷಣವನ್ನು ಅತಿ ಹೆಚ್ಚು ಸಲ ಕೇಳಿದವಳು ಅವನ ಹೆಂಡತಿ. ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಿ ನಿವೃತ್ತಳಾದವಳು. ಬೀದಿಗೆಲ್ಲ ಅವಳು ಟೀಚರ್. ಗಂಡನ ಇನ್ನೊಂದು ಅಭ್ಯಾಸವೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಗಾಡಿ ಬಂದರೂ ಅವನು ಮೊದಲು ಅಂಗೈಯನ್ನು ರೇಡಿಯೇಟರಿನ ಹತ್ತಿರ ಒಯ್ಯುತ್ತಿದ್ದ, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ. ಎಂಜಿನ್ನು ಕುದಿಯುತ್ತಿದೆ, ರೇಡಿಯೇಟರು ಮಾತ್ರ ತಣ್ಣಗಿದೆ ಎಂದರೆ ಒಳಗೆ ಎಲ್ಲೋ ಕಟ್ಟಿಕೊಂಡಿದೆ, ನೀರು ಓಡುತ್ತಿಲ್ಲ ಎಂದು ಅರ್ಥ. ಉಳಿದದ್ದೆಲ್ಲ ಆಮೇಲೆ.

ನಿವೃತ್ತಿಯಾದ ಮೇಲೆ ಟೀಚರ್‌ಗೆ ಹೊಸ ಹುಚ್ಚು ಹತ್ತಿತು. ತಾನು ಬರೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಓಡಾಡಿಸಿ ಸಿನಿಮಾ ಮಾಡತೊಡಗಿದಳು. ಕಥೆ ಅವಳದೇ: ಛತ್ರಿ ಮಾರುವವನೊಬ್ಬ ಒಂದು ಬಾತುಕೋಳಿ ಸಾಕುತ್ತಾನೆ, ಅದು ಗಿರಾಕಿಗಳ ಎದುರೇ ಮಳೆಯಲ್ಲಿ ಕುಣಿದು ಅವನ ವ್ಯಾಪಾರಕ್ಕೆ ಕಲ್ಲು ಹಾಕುತ್ತದೆ. ಹಳೆಯ ಕಂಪ್ಯೂಟರು ಆ ಬಾತುಕೋಳಿಯ ಒಂದು ಹೆಜ್ಜೆಗೇ ಏದುಸಿರು ಬಿಡುತ್ತಿತ್ತು, ಫ್ಯಾನುಗಳ ಸದ್ದಿಗೆ ಮನೆಯಲ್ಲಿ ಮಾತು ಕೇಳುತ್ತಿರಲಿಲ್ಲ. ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅವಳ ತಮ್ಮ, ಈಗ ನೀರು ಓಡಿಸಿ ತಂಪು ಮಾಡುವ ಕಂಪ್ಯೂಟರುಗಳೂ ಇವೆ ಎಂದು ಬಾಯಿ ತಪ್ಪಿ ಭಾವನ ಮುಂದೆ ಹೇಳಿದ. ಅಷ್ಟು ಸಾಕಾಯಿತು. ಅಂಗಡಿ ಮುಚ್ಚಿ ಮನೆಯಲ್ಲಿ ಕೈಕಟ್ಟಿ ಕುಳಿತಿದ್ದ ತಣ್ಣಪ್ಪ ಮತ್ತೆ ಎದ್ದು ನಿಂತ. ಹೊಸ ಕಂಪ್ಯೂಟರಿನ ಒಳಗಿನ ಎಲೆಕ್ಟ್ರಾನಿಕ್ ಭಾಗಗಳು ಭಾಮೈದನವು, ನೀರಿನ ಕೆಲಸವೆಲ್ಲ ತನ್ನದು ಎಂದು ಪಾಲು ಮಾಡಿಕೊಂಡ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿನ ಮೇಲೆ ಶಾಖ ಹೀರುವ ಒಂದು ತಾಮ್ರದ ಬಿಲ್ಲೆ, ಅದರೊಳಗೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು, ಒಂದು ಪುಟ್ಟ ಪಂಪು, ಕಿಟಕಿಯ ಪಕ್ಕ ಅವನೇ ಬೆಸೆದ ರೇಡಿಯೇಟರು. ಶುದ್ಧ ನೀರು ಬಿಟ್ಟು ಬೇರೇನೂ ಹಾಕಬೇಡಿ ಎಂದು ಭಾಮೈದ ಹೇಳಿದ್ದಕ್ಕೆ, ಮೀನಿಗೆ ಈಜು ಕಲಿಸಬೇಡ ಎಂದು ಅವನ ಬಾಯಿ ಮುಚ್ಚಿಸಿದ.

ಕೆಲವು ವಾರ ಎಲ್ಲ ಸೊಗಸಾಗಿ ನಡೆಯಿತು. ಆಮೇಲೆ ಶಾಖ ನಿಧಾನವಾಗಿ ಏರತೊಡಗಿತು. ಸುಮ್ಮನೆ ಚಿತ್ರ ಬರೆಯುವಾಗ ತೊಂದರೆ ಇರಲಿಲ್ಲ. ಆದರೆ ಸಿನಿಮಾ ಮುಗಿದ ಮೇಲೆ ಎಲ್ಲ ಚಿತ್ರಗಳನ್ನೂ ಒಂದಾಗಿ ಹೊಲಿಯುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಬೇಕು. ಅದು ಅರ್ಧ ದಿನದ ಕೆಲಸ. ಶುರುವಾದ ಸ್ವಲ್ಪ ಹೊತ್ತಿಗೇ ಪ್ರೊಸೆಸರಿನ ಶಾಖ ನೀರು ಕುದಿಯುವಷ್ಟಾಗಿ ಯಂತ್ರ ತಾನೇ ಆರಿ ಕೂರುತ್ತಿತ್ತು. ಮತ್ತೆ ಮೊದಲಿನಿಂದ. ಶನಿವಾರ ಸಂಜೆ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಬಾತುಕೋಳಿಯನ್ನು ತೋರಿಸುವುದೆಂದು ನಿಗದಿಯಾಗಿತ್ತು. ಗ್ರಂಥಪಾಲಕಿ ಬಾಗಿಲಿಗೆ ಚಿತ್ರವನ್ನೂ ಅಂಟಿಸಿಬಿಟ್ಟಿದ್ದಳು. ಅಂದು ಶುಕ್ರವಾರ.

ಬೆಳಗಿನಿಂದ ತಣ್ಣಪ್ಪ ಒಂದೇ ಸಮನೆ ಕೆಲಸ ಮಾಡಿದ. ಬ್ರಷ್ ಹಿಡಿದು ಧೂಳು ತೆಗೆದ. ಭಾಮೈದ ಫೋನಿನಲ್ಲಿ ಹೇಳಿದಂತೆ ಬಿಲ್ಲೆಯನ್ನು ಮೇಲೆತ್ತಿ, ಪ್ರೊಸೆಸರಿಗೂ ಅದಕ್ಕೂ ನಡುವೆ ಹಚ್ಚುವ ಪೇಸ್ಟನ್ನು ಒರೆಸಿ ಹೊಸದಾಗಿ ಹಚ್ಚಿದ. ಗಾಳಿಗುಳ್ಳೆ ಸಿಕ್ಕಿಕೊಂಡಿರಬಹುದೆಂದು ಕಂಪ್ಯೂಟರಿನ ಡಬ್ಬವನ್ನು ಎಡಕ್ಕೂ ಬಲಕ್ಕೂ ಓಲಾಡಿಸಿದ. ಪಂಪಿಗೆ ಕಿವಿಗೊಟ್ಟ. ಕೊನೆಗೆ ಕಿಟಕಿಯ ಪರದೆಯನ್ನೂ ಬಿಡಲಿಲ್ಲ, ಬಿಸಿಲಿನದೇ ತಪ್ಪೆಂದು ಎಳೆದುಬಿಟ್ಟ. ಪ್ರತಿ ಸಲವೂ ಯಂತ್ರ ಬಿಸಿಯಾಯಿತು, ಆರಿತು.

ಟೀಚರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೊದಲು ಅವಳ ಗಮನವೆಲ್ಲ ಬಾತುಕೋಳಿಯ ಮೇಲೇ ಇತ್ತು. ಆಮೇಲೆ ಗಂಡನ ಮೇಲೆ ಬಂತು. ಏನೋ ಸರಿಯಿಲ್ಲ. ಬಯ್ಗುಳವಿಲ್ಲ, ಭಾಷಣವಿಲ್ಲ, ಬಾಯಿಗೆ ಬೀಗ ಹಾಕಿಕೊಂಡವನ ಹಾಗೆ ಕೆಲಸ ಮಾಡುತ್ತಿದ್ದಾನೆ. ಅದಕ್ಕಿಂತ ಹೆಚ್ಚಾಗಿ, ಯಾವ ಗಾಡಿ ಬಂದರೂ ಮೊದಲು ಮಾಡುತ್ತಿದ್ದ ಕೆಲಸವನ್ನು ಇವತ್ತು ಅವನು ಮಾಡಿಯೇ ಇಲ್ಲ. ಕೈ ಎಲ್ಲೆಲ್ಲೋ ಓಡಾಡುತ್ತಿದೆ, ಕಿಟಕಿಯ ಪಕ್ಕದ ರೇಡಿಯೇಟರಿನ ಹತ್ತಿರ ಬಂದಾಗ ಮಾತ್ರ ಸುತ್ತು ಹಾಕಿ ಹೋಗುತ್ತಿದೆ.

ಅವಳೇ ಹೋಗಿ ಅದರ ಮೇಲೆ ಅಂಗೈ ಇಟ್ಟಳು.

"ತಣ್ಣಗಿದೆಯಲ್ರೀ," ಎಂದಳು.

ತಣ್ಣಪ್ಪ ಸ್ಕ್ರೂ ಡ್ರೈವರ್ ಕೆಳಗಿಟ್ಟ. ಆಮೇಲೆ ಬಾಯಿ ಬಿಟ್ಟ.

"ಊರೋರ ಗಾಡಿಗೆಲ್ಲ ನನ್ನ ಬೆಸುಗೆ ಸಾಕಾಗಿತ್ತು. ಇದು ನಿನ್ನ ಬಾತುಕೋಳಿ. ಒಂದು ಹನಿ ಒಳಗೆ ಬಿದ್ರೆ ನೀನು ಮಾಡಿದ್ದೆಲ್ಲ ಹೋಗುತ್ತೆ ಅನ್ನಿಸ್ತು. ಮೊದಲ್ನೇ ದಿನ ನೀರು ತುಂಬ್ಸೋವಾಗ ಕೈ ನಡುಗ್ತು. ಒಂದು ಚಿಟಿಕೆ ಪುಡಿ ಹಾಕ್ಬಿಟ್ಟೆ."

ಲಾರಿಯ ರೇಡಿಯೇಟರಿನಲ್ಲಿ ಒಂದು ಚಿಟಿಕೆ ಎಲ್ಲೋ ಕಳೆದುಹೋಗುತ್ತದೆ. ಇಲ್ಲಿರುವುದು ಒಂದು ತಂಬಿಗೆ ನೀರು, ಕೂದಲೆಳೆಯಷ್ಟು ಕಾಲುವೆ. ಅದು ಅವನಿಗೆ ಬೆಳಗ್ಗೆಯೇ ಹೊಳೆದಿತ್ತು. ಒಪ್ಪಿಕೊಳ್ಳಲು ಮನಸ್ಸು ಬರದೆ, ಬೇರೆ ಏನಾದರೂ ಕಾರಣವಿರಲಿ ಎಂದು ಕಿಟಕಿಯ ಪರದೆಯವರೆಗೂ ಹುಡುಕಿದ್ದ.

ಟೀಚರ್‌ಗೆ ಸಿಟ್ಟು ಬರಬೇಕಿತ್ತು. ಬೆಳಗೆಲ್ಲ ಹಾಳಾಗಿತ್ತು. ಆದರೆ ಅವಳಿಗೆ ಬಂದದ್ದು ಸಂತೋಷ, ಅದೂ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು. ಇಷ್ಟು ವರ್ಷ ಯಾರ ಮುಂದೆಯೂ ನಡುಗದ ಕೈ ತನ್ನ ಬಾತುಕೋಳಿಗಾಗಿ ನಡುಗಿದೆ. ಆದರೂ ಸುಮ್ಮನೆ ಬಿಡುವ ಜಾತಿಯವಳಲ್ಲ ಅವಳು.

"ಪುಡಿ ಹಾಕೋನು ಮೆಕ್ಯಾನಿಕ್ಕೇ ಅಲ್ಲ ಅಂತ ಯಾರೋ ಹೇಳ್ತಿದ್ರು."

"ನಾನೇ," ಎಂದ ತಣ್ಣಪ್ಪ.

ಇಬ್ಬರೂ ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಬಿಲ್ಲೆಯನ್ನು ಬಿಚ್ಚಿದರು. ಕಾಲುವೆಗಳ ತುಂಬ ಬೂದುಬಣ್ಣದ ಅಂಟು. ಅವನ ಬ್ರಷ್ಷುಗಳೆಲ್ಲ ಅದಕ್ಕೆ ದಪ್ಪವಾದವು. ಬಾತುಕೋಳಿಯ ಕಣ್ಣು ಬರೆಯಲು ಇಟ್ಟುಕೊಂಡಿದ್ದ ತನ್ನ ಅತಿ ಸಣ್ಣ ಬ್ರಷ್ಷನ್ನು ತಂದು ಅವಳು ವಿನೆಗರಿನಲ್ಲಿ ಅದ್ದಿ ಒಂದೊಂದೇ ಗೆರೆಯನ್ನು ತಿಕ್ಕಿದಳು. ಅವನು ಪಂಪು, ಪೈಪು, ರೇಡಿಯೇಟರುಗಳನ್ನು ಬಚ್ಚಲಲ್ಲಿ ತಿಳಿನೀರು ಬರುವ ತನಕ ತೊಳೆದ. ಮತ್ತೆ ಜೋಡಿಸಿ, ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ತುಂಬಿಸಿದ. ಮೊದಲು ಪಂಪೊಂದನ್ನೇ ಓಡಿಸಿ, ಪ್ರತಿ ಬೆಸುಗೆಯ ಕೆಳಗೂ ಕಾಗದ ಹಿಡಿದು ನೋಡಿದ. ಕಾಗದ ಒಣಗಿಯೇ ಇತ್ತು.

ಮಧ್ಯಾಹ್ನ ಅವಳು ಸಿನಿಮಾ ಹೊಲಿಯುವ ಕೆಲಸಕ್ಕೆ ಚಾಲನೆ ಕೊಟ್ಟಳು. ತಣ್ಣಪ್ಪ ಒಂದು ಸ್ಟೂಲು ಎಳೆದುಕೊಂಡು, ತೊಡೆಯ ಮೇಲೆ ಟವೆಲ್ಲು ಹಾಕಿಕೊಂಡು, ಎಲ್ಲಿ ಹನಿ ಬಿದ್ದರೂ ಹಾರಿ ಹಿಡಿಯಲು ಸಿದ್ಧನಾಗಿ ಡಬ್ಬದ ಪಕ್ಕ ಕುಳಿತ. ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಶಾಖದ ಅಂಕಿ ಅರವತ್ತು ಡಿಗ್ರಿಯ ಹತ್ತಿರ ಹೋಗಿ ಅಲ್ಲಿಯೇ ನಿಂತಿತು. ಪ್ರತಿ ಸಲ ಆರುತ್ತಿದ್ದ ಹಂತ ಬಂತು, ದಾಟಿತು. ರಾತ್ರಿ ಅವನು ಊಟಕ್ಕೂ ಏಳಲಿಲ್ಲ. ತಟ್ಟೆಯನ್ನು ಅವಳೇ ಅಲ್ಲಿಗೆ ತಂದುಕೊಟ್ಟಳು.

"ಮುಟ್ಟಿ ನೋಡ್ರಿ," ಎಂದಳು.

ಅವನು ರೇಡಿಯೇಟರಿನ ಮೇಲೆ ಅಂಗೈ ಇಟ್ಟ.

"ಬೆಚ್ಚಗಿದೆ," ಎಂದ.

ಟೀಚರ್ ಅವನ ತೊಡೆಯ ಮೇಲಿದ್ದ ಟವೆಲ್ಲನ್ನು ಎತ್ತಿಕೊಂಡು ತನ್ನ ಒದ್ದೆ ಕೈ ಒರೆಸಿಕೊಂಡಳು. ಆಮೇಲೆ ಅದನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿ ಬಂದಳು. ಅವನು ಅದನ್ನು ವಾಪಸ್ಸು ಕೇಳಲಿಲ್ಲ.