ಗಾಳಿ ಇದ್ದೂ ಉರಿಯುವ ದೀಪ

ನನಗೆ ಸಿಟ್ಟು ಬರಿಸುವ ದೀಪ ಜಗತ್ತಿನಲ್ಲಿ ಒಂದೇ ಒಂದು. ಅದು ನಮ್ಮ ಕಾರಿನ ಸ್ಟೇರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಕಿರುಬೆರಳಿನ ಉಗುರಿನಷ್ಟು ಗಾತ್ರದಲ್ಲಿ ಹಳದಿಯಾಗಿ ಉರಿಯುತ್ತದೆ. ಬಾಯಿ ತೆರೆದ ಕುಡಿಕೆಯಂಥ ಒಂದು ಗೆರೆ, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಟಯರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಅದರ ಅರ್ಥ. ಗಾಳಿ ಕಡಿಮೆಯಾಗಿರುವುದಿಲ್ಲ ಎಂಬುದು ನನ್ನ ತಕರಾರು.

ನಾನು ವರ್ಕಾಡಿಯಲ್ಲಿ ಔಷಧದ ಅಂಗಡಿ ಇಟ್ಟುಕೊಂಡವನು. ಒತ್ತಡವೆಂಬುದರ ಜೊತೆ ನನಗೆ ಬಹುಕಾಲದ ಒಡನಾಟ. ಬಂದವರ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತೇನೆ. ಯಂತ್ರವನ್ನು ಕಂಡ ಕೂಡಲೇ ಬಿ.ಪಿ. ಏರುವವರಿದ್ದಾರೆ; ಅಂಥವರನ್ನು ಐದು ನಿಮಿಷ ಮಾತಾಡದೆ ಕೂರಿಸಿ ಮತ್ತೊಮ್ಮೆ ನೋಡಬೇಕು. ನಮ್ಮೂರಿನವರಿಗೆ ಐದು ನಿಮಿಷ ಮಾತಾಡದೆ ಕೂರಲು ಆಗುವುದಿಲ್ಲ, ಅದು ಬೇರೆ ವಿಷಯ. ಆದರೂ ಸುಳ್ಳು ಒತ್ತಡ ಯಾವುದು, ನಿಜವಾದದ್ದು ಯಾವುದು ಎಂದು ಮುಖ ನೋಡಿಯೇ ಹೇಳಬಲ್ಲೆನೆಂಬ ಸಣ್ಣ ಜಂಬ ನನಗಿತ್ತು. ಕಾರಿನ ಮುಖ ನೋಡಿದರೆ ಏನೂ ತಿಳಿಯುವುದಿಲ್ಲ.

ಉರಿದರೆ ಉರಿಯಲಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಕಾರು ನನ್ನ ಹೆಸರಿನಲ್ಲಿದ್ದರೂ ಅದನ್ನು ಓಡಿಸುವವಳು ನನ್ನ ಹೆಂಡತಿ ಸುಮತಿ. ಐವತ್ತು ದಾಟಿದ ಮೇಲೆ ಅವಳು ಡ್ರೈವಿಂಗ್ ಕಲಿತದ್ದು ತನ್ನ ಅಕ್ಕನಿಗಾಗಿ. ಅಡೂರಿನಲ್ಲಿರುವ ಅಕ್ಕ ಬಚ್ಚಲಿನಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಆಪರೇಷನ್ ಆಯಿತು, ಎಲುಬು ಕೂಡಿತು, ವಾಕರ್ ಬಂತು, ಧೈರ್ಯ ಬರಲಿಲ್ಲ. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ತಂಗಿ ಪಕ್ಕದಲ್ಲಿದ್ದರೆ ಮಾತ್ರ ಅಕ್ಕ ವಾಕರ್ ಹಿಡಿದು ಅಂಗಳಕ್ಕೆ ಇಳಿಯುವುದು. ಹಾಗಾಗಿ ಪ್ರತಿ ಆದಿತ್ಯವಾರ ಸುಮತಿ ಒಬ್ಬಳೇ ಕಾರು ಬಿಟ್ಟುಕೊಂಡು ಹೋಗಿ, ಅಕ್ಕನನ್ನು ನಡೆಸಿ, ಸಂಜೆಗೆ ಹಿಂದಿರುಗುತ್ತಿದ್ದಳು.

ಒಂದು ಆದಿತ್ಯವಾರ ಹೊರಟವಳು ಅರ್ಧ ಗಂಟೆಯಲ್ಲೇ ವಾಪಸು ಬಂದಳು. ಕೀಯನ್ನು ಮೇಜಿನ ಮೇಲಿಟ್ಟು, "ಎಂತದೋ ದೀಪ ಹತ್ತಿತು. ಇನ್ನು ಅದು ಆರಿದ ಮೇಲೆಯೇ ನಾನು ಕಾರು ಮುಟ್ಟುವುದು," ಅಂದಳು.

"ನಾನು ಕರ್ಕೊಂಡು ಹೋಗ್ತೇನೆ, ಬಾ."

"ನೀವು ಬಂದರೆ ಊಟ ಆದ ಕೂಡ್ಲೇ ಹೊರಡುವ, ಹೊರಡುವ ಅಂತೀರಿ. ಅಕ್ಕನಿಗೆ ಎದ್ದು ನಿಲ್ಲುವಾಗಲೇ ಹೊತ್ತಾಗ್ತದೆ."

ಅದು ನಿಜವಾದ್ದರಿಂದ ವಾದ ಮಾಡಲಿಲ್ಲ. ಮರುದಿನದಿಂದ ದೀಪದ ಬೆನ್ನು ಹತ್ತಿದೆ. ಹೊಸಂಗಡಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ನೋಡಿಸಿದೆ. ನಾಲ್ಕರಲ್ಲೂ ಸರಿಯಾಗಿಯೇ ಇತ್ತು. ದೀಪ ಉರಿಯಿತು. ಸ್ವಲ್ಪ ಹೆಚ್ಚು ತುಂಬಿಸಿದೆ, ಉರಿಯಿತು. ಸ್ವಲ್ಪ ಇಳಿಸಿದೆ, ಆಗಲೂ ಉರಿಯಿತು. ಅಷ್ಟರ ಮಟ್ಟಿಗೆ ಅದು ನಿಷ್ಪಕ್ಷಪಾತಿ. ಬೆಳಗಿನ ತಂಪಿಗೆ ಹೀಗಾಗುತ್ತದೆ ಎಂದರು ಒಬ್ಬರು, ಮಧ್ಯಾಹ್ನದ ಬಿಸಿಲಿಗೆ ಹೀಗಾಗುತ್ತದೆ ಎಂದರು ಇನ್ನೊಬ್ಬರು. "ಆ ಬಲ್ಬು ಕಿತ್ತು ಬಿಸಾಡಿ ಮಾರಾಯ್ರೆ" ಎಂದವರೂ ಇದ್ದಾರೆ. ಬಲ್ಬು ಕಿತ್ತದ್ದು ಗೊತ್ತಾದರೆ ಸುಮತಿ ಕಾರಿನ ಜೊತೆಗೆ ನನ್ನನ್ನೂ ನಂಬಲಾರಳು.

ನಮ್ಮ ಹಿರಿಯರ ಕಾಲದಲ್ಲಿ ಎಚ್ಚರಿಕೆಗಳಿಗೂ ಒಂದು ಮರ್ಯಾದೆ ಇತ್ತು. ಹೊರಡುವಾಗ ಹಲ್ಲಿ ಲೊಚಗುಟ್ಟಿದರೆ, ಬೆಕ್ಕು ಅಡ್ಡ ಬಂದರೆ, ಒಳಗೆ ಬಂದು ಒಂದು ಗಳಿಗೆ ಕುಳಿತು, ನೀರು ಕುಡಿದು ಹೊರಟರಾಯಿತು. ಶಕುನ ಹೇಳಿದವರೇ ಪರಿಹಾರವನ್ನೂ ಹೇಳಿದ್ದರು, ಯಾಕೆಂದರೆ ಮನುಷ್ಯ ಹೇಗೂ ಹೊರಡಲೇಬೇಕು ಎಂಬುದು ಅವರಿಗೆ ಗೊತ್ತಿತ್ತು. ಅಲ್ಲದೆ ಅಡ್ಡ ಬಂದ ಬೆಕ್ಕು ತನ್ನ ಪಾಡಿಗೆ ದಾಟಿಹೋಗುತ್ತದೆ. ಈ ಬೆಕ್ಕು ಅಡೂರಿನವರೆಗೂ ಕಣ್ಣೆದುರೇ ಕೂತಿರುತ್ತದೆ.

ಕಡೆಗೆ ದೊಡ್ಡ ವರ್ಕ್‌ಶಾಪೊಂದಕ್ಕೆ ಒಯ್ದೆ. ಅಲ್ಲಿಯವರು ಕಂಪ್ಯೂಟರ್ ಜೋಡಿಸಿ ನೋಡಿ ವಿವರಿಸಿದರು. ನಮ್ಮ ಕಾರಿಗೆ ಗಾಳಿ ತಿಳಿಯುವುದೇ ಇಲ್ಲವಂತೆ. ಚಕ್ರಗಳು ಎಷ್ಟೆಷ್ಟು ಸುತ್ತುತ್ತವೆ ಎಂದು ನೋಡುತ್ತಿರುತ್ತದೆ. ಒಂದು ಚಕ್ರ ಉಳಿದವಕ್ಕಿಂತ ಹೆಚ್ಚು ಸುತ್ತಿದರೆ ಅದರಲ್ಲಿ ಗಾಳಿ ಇಳಿದಿರಬೇಕೆಂದು ಊಹಿಸುತ್ತದೆ. ಈಚೆಗೆ ನಾವು ಒಂದು ಟಯರನ್ನು ಮಾತ್ರ ಹೊಸದು ಹಾಕಿಸಿದ್ದೆವು, ಅಲ್ಲಿಂದ ಊಹೆ ತಪ್ಪಿದೆ. ಇನ್ನು ಒಂದು ಬಟನ್ ಒತ್ತಿ ಅದಕ್ಕೆ ಮೊದಲಿನಿಂದ ಕಲಿಸಬೇಕು.

"ಒತ್ತಿದ ಮೇಲೆ ಇಪ್ಪತ್ತು ನಿಮಿಷ ಎಲ್ಲಿಯೂ ನಿಲ್ಲಿಸ್ಬೇಡಿ ಸಾರ್. ಒಂದೇ ಸ್ಪೀಡಲ್ಲಿ ಹೋಗಿ. ನಡುವಿನಲ್ಲಿ ಜನ ಹತ್ತಿಸ್ಬೇಡಿ, ಭಾರ ಬದಲಾದ್ರೆ ಅದಕ್ಕೆ ಪುನಃ ಗೊತ್ತಾಗುದಿಲ್ಲ."

ಇಷ್ಟೇಯಾ ಎಂದು ಖುಷಿಯಿಂದ ಊರಿಗೆ ಬಂದೆ. ಈ ಯಂತ್ರವನ್ನು ಮಾಡಿದವರು ವರ್ಕಾಡಿಯ ರಸ್ತೆಯಲ್ಲಿ ಒಮ್ಮೆಯೂ ಓಡಾಡಿಲ್ಲ ಎಂಬುದು ಬಟನ್ ಒತ್ತಿ ಹೊರಟ ಮೇಲೆಯೇ ತಿಳಿದದ್ದು. ಮೊದಲ ತಿರುವಿನಲ್ಲಿ ಕಟ್ಟಿದ ಬೀಡಿ ಒಪ್ಪಿಸಲು ಬ್ರಾಂಚಿಗೆ ಹೊರಟ ಗಿರಿಜಕ್ಕ ಕಂಕುಳಲ್ಲಿ ಚೀಲ ಹಿಡಿದು ಕೈ ತೋರಿಸಿದರು. ಖಾಲಿ ಕಾರು ಅವರನ್ನು ದಾಟಿ ಹೋಗುವುದೆಂದರೇನು? ಎರಡನೆಯ ಸಲ ಹೊರಟಾಗ ಮೇಷ್ಟರೊಬ್ಬರು ಸಿಕ್ಕರು. ಅವರಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ, "ಎಲ್ಲಿಗೆ ಹೊರಟದ್ದು?" ಎಂದು ಕೇಳಬೇಕಾಗಿತ್ತು, ಅಷ್ಟೆ. ಕಾರು ನಿಲ್ಲಿಸಿ ಗ್ಲಾಸು ಇಳಿಸದೆ ಅದಕ್ಕೆ ಉತ್ತರ ಕೊಡುವ ಕ್ರಮ ನಮ್ಮಲ್ಲಿಲ್ಲ. ಮೂರನೆಯ ಸಲ ಎದುರಿನಿಂದ ಬಂದ ಜೀಪು ನನ್ನ ಪಕ್ಕದಲ್ಲೇ ನಿಂತಿತು. ಜೀಪಿನವರು ಕಿಸೆಯಿಂದ ತಾಯಿಯ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದು, ಇದು ಊಟಕ್ಕೆ ಮೊದಲೋ ಆಮೇಲೋ ಎಂದು ಕೇಳಿದರು. ಆಮೇಲೆ ಎಂದೆ. ದೀಪ ಹತ್ತಿತು.

ಅಷ್ಟರಲ್ಲಿ ಮತ್ತೊಂದು ಆದಿತ್ಯವಾರವೂ ಕಳೆಯಿತು. ಅಕ್ಕ ಹಾಸಿಗೆಯಿಂದ ಏಳುವುದನ್ನೇ ಬಿಟ್ಟಿದ್ದಾರೆಂದು ಅಡೂರಿನಿಂದ ಫೋನು ಬಂತು. ಉಗುರಿನಷ್ಟಿರುವ ಒಂದು ದೀಪ, ಅದೂ ಸುಳ್ಳು ಹೇಳುವ ದೀಪ, ನಡೆಯಬಲ್ಲ ಹೆಂಗಸನ್ನು ಮಲಗಿಸಿಬಿಟ್ಟಿತಲ್ಲ ಎಂದು ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಮರುದಿನ ಬೆಳಿಗ್ಗೆ ಹೊಸ ಹೆದ್ದಾರಿಗೆ ಹೋದೆ. ಅಲ್ಲಿ ಎರಡೂ ಬದಿಗೆ ಗೋಡೆ. ಕೈ ತೋರಿಸುವವರಿಗೆ ನಿಲ್ಲಲು ಜಾಗವಿಲ್ಲ, ನನಗೆ ನಿಲ್ಲಿಸಲು ಅನುಮತಿಯಿಲ್ಲ. ಗೋಡೆಯ ಆಚೆ ಸರ್ವಿಸ್ ರಸ್ತೆಯಲ್ಲಿ ಪರಿಚಯದವರೊಬ್ಬರು ಬಸ್ಸು ಕಾಯುತ್ತಿದ್ದರು, ನನ್ನನ್ನು ಕಂಡು ಕೈಯೆತ್ತಿದರು. ನಾನು ನೆಟ್ಟಗೆ ಮುಂದೆ ನೋಡುತ್ತ ಹೋದೆ. ಇಪ್ಪತ್ತು ನಿಮಿಷ ಯಾರನ್ನೂ ವಿಚಾರಿಸದೆ ಓಡಿಸಿದ್ದು ಜನ್ಮದಲ್ಲಿ ಅದೇ ಮೊದಲು. ಕಾರಿಗೆ ಬೇಕಾದದ್ದು ಇಂಥ ಮನುಷ್ಯನೇ ಇರಬೇಕು. ದೀಪ ಆರಿತು, ಶನಿವಾರದವರೆಗೂ ಮತ್ತೆ ಹತ್ತಲಿಲ್ಲ.

ಆದಿತ್ಯವಾರ ಸುಮತಿ ಹೊರಟಳು. ನಾನು ಅಂಗಡಿಯಲ್ಲಿ ಫೋನಿನ ಮೇಲೆ ಕಣ್ಣಿಟ್ಟು ಕುಳಿತೆ. ಕಡೆಗೊಮ್ಮೆ ಅವಳ ಕರೆ ಬಂತು.

"ಈಗಷ್ಟೇ ಅಕ್ಕನ ಅಂಗಳಕ್ಕೆ ಮುಟ್ಟಿದೆ. ದೀಪ ಹತ್ತಿತು ಮಾತ್ರ, ಬದಿಯಡ್ಕ ದಾಟಿದ ಮೇಲೆ."

"ಅಯ್ಯೋ. ಮತ್ತೆ ಹೇಗೆ ಹೋದಿ?"

"ದಾರಿಯಲ್ಲಿ ಮೂರು ಜನ ಹೆಂಗಸರು ಹತ್ತಿದ್ರು. ದೀಪ ಕಂಡು ನಾನು ಹೆದರಿ ನಿಲ್ಲಿಸಿದೆ. ಅವರೆಲ್ಲ ಇಳಿದು ಟಯರು ಒತ್ತಿ ನೋಡಿದ್ರು. ಅಲ್ಲೇ ಒಂದು ಪಂಕ್ಚರ್ ಅಂಗಡಿಯಲ್ಲಿ ನೋಡಿಸಿದೆವು, ಗಾಳಿ ಸರಿ ಉಂಟು. ಎಂತ ಆಗುದಿಲ್ಲ, ನಾವಿದ್ದೇವಲ್ಲ, ಹೋಗುವ ಅಂದ್ರು. ಬಂದೆ."

ಅವಳನ್ನು ಅಡೂರಿಗೆ ಮುಟ್ಟಿಸಲು ನಾನು ಇಷ್ಟು ದಿನ ಕಾರಿನಲ್ಲಿ ಜನ ಇಲ್ಲದ ಹಾಗೆ ಮಾಡಲು ಹೆಣಗಾಡಿದ್ದೆ. "ಅಕ್ಕ ಹೇಗಿದ್ದಾರೆ?" ಎಂದೆ.

ಸುಮತಿ ಸ್ವರ ತಗ್ಗಿಸಿ, "ನಾನು ಕಾರಿನಿಂದ ಇಳಿಯಲೇ ಇಲ್ಲ ಇನ್ನೂ. ಅಕ್ಕ ವಾಕರ್ ಹಿಡ್ಕೊಂಡು ಒಬ್ಬಳೇ ಜಗಲಿ ಇಳಿದು ಬರ್ತಾ ಇದ್ದಾಳೆ. ಸಿಟ್ಟಿನಲ್ಲಿದ್ದಾಳೆ. ನನ್ನ ತಂಗಿಯನ್ನು ಎರಡು ವಾರ ತಡೆದ ದೀಪ ಯಾವುದು, ನೋಡಬೇಕು ಅಂತ," ಅಂದಳು.

"ಎಂಜಿನ್ ಆಫ್ ಮಾಡಬೇಡ," ಅಂದೆ. "ಅವರು ಬಂದು ಮುಟ್ಟುವವರೆಗೆ ಅದು ಉರಿಯಲಿ."