ಚಾಚಾ ಎಡಗೈಯಲ್ಲಿ ಉಜ್ಜಿದ ತುಂಡು

ಮೊನ್ನೆ ಬಾಗಿಲ ಚಿಲಕ ಸರಿಯಾಗಿ ಕೂಡುತ್ತಿಲ್ಲವೆಂದು ಮಗ ಅರ ತಂದು ಉಜ್ಜತೊಡಗಿದ. ಕಬ್ಬಿಣದ ಪುಡಿಯ ವಾಸನೆ ಮೂಗಿಗೆ ಬಡಿಯಿತು. "ಸಾಕ ಮಾಡಪಾ, ಚಿಲಕ ಹಾಳಾಗಿ ಹೋಗ್ಲಿ!" ಎಂದು ರೇಗಿಬಿಟ್ಟೆ. ಪಾಪ, ಅವನಿಗೇನು ಗೊತ್ತು... ನನಗೆ ಪಕ್ಕದ ಮನೆಯ ಚಾಚಾ ನೆನಪಾಗಿದ್ದರು.

ಎಪ್ಪತ್ತರ ದಶಕದ ಮಾತು. ನಾನು ಬಬಲೇಶ್ವರದಿಂದ ಮದುವೆಯಾಗಿ ವಿಜಾಪುರಕ್ಕೆ ಬಂದ ಹೊಸತು. ಚಾಚಾ ಸ್ಟೇಷನ್ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ, ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಮಿಸ್ತ್ರಿ. ಕೆಲಸ ಕಲಿಯಲು ಬಂದವರಿಗೆಲ್ಲ ಅವರೇ ಗುರು. ಮೊದಲ ಪಾಠ ಯಾವಾಗಲೂ ಒಂದೇ. ಒರಟು ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ, ಹೇಳಿದ ಅಳತೆಗೆ, ಎಲ್ಲ ಮಗ್ಗುಲೂ ಸಪಾಟಾಗಿ, ಮೂಲೆ ನೇರವಾಗಿ ತರಬೇಕು. ಅಳತೆ ಮರೆತವರ ತುಂಡನ್ನು ಗಟಾರಕ್ಕೆಸೆದು ಬೈಯುತ್ತಿದ್ದರಂತೆ.

ಒಂದು ದಿನ ಅಂಗಿಯ ತೋಳು ಲೇತಿಗೆ ಸಿಕ್ಕಿ ಅವರ ಬಲಗೈಯ ಬೆರಳುಗಳೆಲ್ಲ ಹೋದವು. ಗಾಯ ಮಾಯ್ದ ಮೇಲೆ ಮಾಲೀಕ ಅದೇ ಮೊದಲ ಪಾಠದ ತುಂಡು ಕೊಟ್ಟ. ರಮಜಾನ್ ಹಬ್ಬದೊಳಗೆ ಎಡಗೈಯಲ್ಲಿ ಉಜ್ಜಿ ತಂದರೆ ಮತ್ತೆ ಕೆಲಸ, ಇಲ್ಲದಿದ್ದರೆ ಇಲ್ಲ ಎಂದ. ಮನೆಯಲ್ಲಿ ಹೆಣ್ಣುಮಕ್ಕಳು ಬೆಳೆದು ನಿಂತಿದ್ದರು. ಚಾಚಾಗೆ ಬೇರೆ ಕಸುಬು ಬರುತ್ತಿರಲಿಲ್ಲ.

ಅಂಗಳದಲ್ಲಿ ಕೂತು ಉಜ್ಜಿದ್ದೇ ಉಜ್ಜಿದ್ದು. ರೋಜಾ ಹಿಡಿದ ಒಣ ಬಾಯಿ, ಪಳಗದ ಎಡಗೈ. ಒಂದು ಮಗ್ಗುಲು ಸರಿಯಾದರೆ ಇನ್ನೊಂದು ವಾರೆಯಾಗುತ್ತಿತ್ತು. ಗುನ್ಯಾ ಎಂಬ ಮೂಲೆಪಟ್ಟಿಯನ್ನು ತುಂಡಿಗೆ ಒತ್ತಿ ಬಿಸಿಲಿಗೆ ಹಿಡಿಯುತ್ತಿದ್ದರು. ಸಂದಿನಲ್ಲಿ ಬೆಳಕು ಕಂಡರೆ ಮೂಲೆ ತಪ್ಪಿದೆ ಎಂದರ್ಥ. ತಮ್ಮ ಕಣ್ಣನ್ನೇ ನಂಬದೆ ನನ್ನನ್ನು ಕರೆಯುತ್ತಿದ್ದರು.

"ನೋಡವ್ವಾ, ಬೆಳಕ ಕಾಣಾಕತ್ತೈತೇನ?"

"ಕಾಣ್ತೈತ್ರಿ ಚಾಚಾ."

ಹಾಗೆ ಹೇಳಿ ಹೇಳಿ ನನಗೇ ಸಾಕಾಗಿತ್ತು. ರೊಟ್ಟಿ ಬಡಿಯುವಾಗಲೂ ಕಿವಿಯಲ್ಲಿ ಆ ಕರಕರ ಸದ್ದು... ಒಳಗೆ ಚಾಚಿ ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದರು.

ಹಬ್ಬ ಇನ್ನೇನು ಬಂತು ಎನ್ನುವಾಗ ಒಂದು ಮುಂಜಾನೆ ನೋಡುತ್ತೇನೆ, ಸಂದಿಲ್ಲ. "ಕಾಣವಲ್ದ್ರೀ ಚಾಚಾ!" ಎಂದು ಕೂಗಿಬಿಟ್ಟೆ. ಕೈ ಹೋದ ಮೇಲೆ ಮೊದಲ ಸಲ ಅವರು ನಕ್ಕರು. ಹಲ್ಲೆಲ್ಲ ಕಾಣುವಂತೆ ನಕ್ಕರು. ತೊಳೆದ ಅಂಗಿ ಹಾಕಿಕೊಂಡು ಸ್ಟೇಷನ್ ರಸ್ತೆಗೆ ಹೊರಟರು.

ಮಧ್ಯಾಹ್ನ ಬಂದು ಕಟ್ಟೆಯ ಮೇಲೆ ಕುಸಿದು ಕೂತರು. ಮೂಲೆ ನೇರ ಮಾಡುವ ಹಟದಲ್ಲಿ ತುಂಡು ಸವೆದು ಸವೆದು ಅಳತೆಗಿಂತ ಸಣ್ಣದಾಗಿತ್ತು. ಅಳತೆ ನೋಡುವುದನ್ನು ಚಾಚಾನೇ ಮರೆತಿದ್ದರು.

"ಇನ್ನೊಂದ ತುಂಡ ಕೇಳಬೇಕಿತ್ರಿ," ಎಂದೆ.

"ಕೇಳಿದ್ನಿ ಯವ್ವಾ. ನನ್ನ ಕಡೆ ಕಲ್ತಾಂವನ್ನ ಆ ಜಾಗಾಕ್ಕ ತಗೊಂಡಾರ. ಛಲೋ ಹುಡುಗ ಅಂವ..."

ಹಬ್ಬ ಮುಗಿಯುತ್ತಲೇ ಮನೆ ಖಾಲಿ ಮಾಡಿ ತಿಕೋಟಾದಲ್ಲಿದ್ದ ಚಾಚಿಯ ತವರಿಗೆ ಹೋದರು. ಮುಂದೊಮ್ಮೆ ನೋಡಲು ಹೋದಾಗ ಚಾಚಾ ಗೋಡೆಗೆ ಒರಗಿ ಕೂತಿದ್ದರು. ಗುರುತು ಹಿಡಿದು, ಕೂಡು ಎಂದರು. ಎಡಗೈ ಮಾತ್ರ ತೊಡೆಯ ಮೇಲೆ ಹಿಂದೆ ಮುಂದೆ ಆಡುತ್ತಲೇ ಇತ್ತು.

ಈಗ ಅವರಿಲ್ಲ, ಚಾಚಿಯೂ ಇಲ್ಲ. ಅವರು ಕುಸಿದು ಕೂತದ್ದನ್ನು ಹೇಗೋ ನೆನೆಯಬಲ್ಲೆ. ಆ ಮುಂಜಾನೆಯ ನಗೆಯನ್ನು ನೆನೆಯಲಾರೆ. ಅವರನ್ನು ಹಾಗೆ ನಗಿಸಿ ಕಳಿಸಿದವಳು ನಾನೇ.