ಅರ್ಜಿ, ಆಪೆರಾ ಮತ್ತು ಚಿಕನ್‌ಪಾಕ್ಸ್

ಐವತ್ತೆರಡನೇ ವಯಸ್ಸಿನಲ್ಲಿ ನಮ್ಮ ಭಾವನಿಗೆ ಚಿಕನ್‌ಪಾಕ್ಸ್ ಆಯಿತು. ಫೋನಿನಲ್ಲಿ ಸುದ್ದಿ ಹೇಳಿದ ಅಕ್ಕನ ದನಿಯಲ್ಲಿ ದುಃಖವೇನೂ ಇರಲಿಲ್ಲ. ಸ್ವಲ್ಪ ಸಂಭ್ರಮವೇ ಇತ್ತು ಅನ್ನಿ.

ಕಾರಣ ಇದೆ. ಭಾವ ಯಲ್ಲಾಪುರದಲ್ಲಿ ಕೆಮಿಸ್ಟ್ರಿ ಲೆಕ್ಚರರ್. ಸಂಜೆಯಾದರೆ ಹಾರ್ಮೋನಿಯಂ. ಮಕ್ಕಳ ನಾಟಕವೊಂದರ ಹಾಡುಗಳಿಗೆ ಹನ್ನೊಂದು ವರ್ಷದಿಂದ ರಾಗ ಹಾಕುತ್ತಿದ್ದರು. (ಮೊದಲ ಹಾಡು ಕಲಿತ ಮಕ್ಕಳಿಗೆ ಈಗ ಮೀಸೆ ಬಂದಿದೆ.) ಮುಗಿಯುವುದಾದರೂ ಹೇಗೆ? ಊರಿನವರ ಅರ್ಜಿಗಳನ್ನೆಲ್ಲ ಅವರೇ ಬರೆಯಬೇಕು, ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಬೇಕು. ಕರೆಂಟ್ ಕಂಬ ವಾಲಿದರೆ ಭಾವ. ಪಹಣಿಯಲ್ಲಿ ಹೆಸರು ತಪ್ಪಿದರೆ ಭಾವ. ಹಾರ್ಮೋನಿಯಂ ತೆರೆದ ಐದೇ ನಿಮಿಷಕ್ಕೆ ಜಗಲಿಯಲ್ಲಿ ಯಾರೋ ಕೆಮ್ಮುತ್ತಾರೆ.

ಭಾವನ ಆರಾಧ್ಯದೈವ ಒಬ್ಬ ರಷ್ಯನ್ ಸಂಗೀತಗಾರ. (ಹೆಸರು ಭಾವನ ಬಾಯಲ್ಲೇ ದಿನಕ್ಕೊಂದು ಥರ ಬರುತ್ತದೆ, ಬರೆಯುವ ಸಾಹಸ ನನಗೆ ಬೇಡ.) ಹತ್ತೊಂಬತ್ತನೇ ಶತಮಾನದವನು. ಅವನೂ ಕೆಮಿಸ್ಟ್ರಿ ಪ್ರೊಫೆಸರ್. ಸಂಗೀತಕ್ಕೆ ಟೈಮ್ ಸಿಗುತ್ತಿದ್ದದ್ದು ರಜೆಯಲ್ಲಿ, ಇಲ್ಲವೇ ಕಾಯಿಲೆ ಬಿದ್ದಾಗ. ಇವನಿಗೆ ಜ್ವರ ಬರಲಿ ಎಂದು ಗೆಳೆಯರು ಹಾರೈಸುತ್ತಿದ್ದರಂತೆ. ಮನೆ ತುಂಬ ನೆಂಟರು, ಊಟದ ಮೇಜಿನ ಮೇಲೆ ಬೆಕ್ಕುಗಳು. ಯಾರೋ ಮಲಗಿದ್ದಾರೆಂದು ಸ್ವಂತ ಮನೆಯಲ್ಲೇ ಪಿಯಾನೋ ಮುಟ್ಟಲು ಸಂಕೋಚ. ಒಂದು ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಬರೆಯಲು ಕೂತು ಹದಿನೆಂಟು ವರ್ಷ ಎಳೆದ. ಕೊನೆಗೆ ವೇಷ ಹಾಕಿಕೊಂಡು ಪಾರ್ಟಿಯಲ್ಲಿ ನಿಂತಿದ್ದವನು ಅಲ್ಲೇ ಕುಸಿದು ಸತ್ತ. ಉಳಿದದ್ದನ್ನು ಗೆಳೆಯರು ಮುಗಿಸಿದರು.

ಇದನ್ನು ಭಾವ ಹೆಮ್ಮೆಯಿಂದ ಹೇಳುತ್ತಾರೆ. ಅಕ್ಕ ಭಯದಿಂದ ಕೇಳುತ್ತಾಳೆ.

ಸರಿ, ನಾನು ಶಿರಸಿಯಲ್ಲಿ ಬಸ್ಸು ಹತ್ತಿದೆ. (ಚಿಕನ್‌ಪಾಕ್ಸ್ ನನಗೆ ಚಿಕ್ಕಂದಿನಲ್ಲೇ ಆಗಿತ್ತು, ಆ ಧೈರ್ಯ.) ಹೋಗಿ ನೋಡಿದರೆ ಮೈತುಂಬ ಒಣಗಿದ ಗುಳ್ಳೆ ಹೊತ್ತ ಭಾವ ಹಾರ್ಮೋನಿಯಂ ಮುಂದೆ ಕೂತಿದ್ದಾರೆ. ಎರಡು ವಾರದಿಂದ ಜಗಲಿಯಲ್ಲಿ ಒಂದು ಕೆಮ್ಮೂ ಕೇಳಿರಲಿಲ್ಲ. ನಾಲ್ಕು ಹಾಡು ಮುಗಿದಿದ್ದವು. ಕೊನೆಯದೊಂದು ಬಾಕಿ. ತೊಂದರೆಯೆಂದರೆ ಕಾಯಿಲೆಯೂ ಮುಗಿದಿತ್ತು. ಯಾರಾದರೂ ಬಂದರೆ ಇನ್ನೂ ವಾಸಿಯಾಗಿಲ್ಲ ಎನ್ನಬೇಕೆಂದು ಅಕ್ಕ ನನಗೆ ತಾಕೀತು ಮಾಡಿದಳು.

ಮರುದಿನವೇ ಕಿರವತ್ತಿಯಿಂದ ರೈತರೊಬ್ಬರು ಬಂದರು. "ಸರ್ ಅದಾರೇನ್ರಿ?"

ಕಾಡುಹಂದಿಗಳು ಗೋವಿನಜೋಳ ತಿಂದಿವೆ, ಪರಿಹಾರಕ್ಕೆ ಅರ್ಜಿ ಹಾಕಬೇಕಂತೆ. ನಾನು ಸುಳ್ಳು ಹೇಳಿ ಮುಗಿಸುವಷ್ಟರಲ್ಲಿ ಒಳಗೆ ಹಾರ್ಮೋನಿಯಂ ನಿಂತಿತು. ಭಾವ ಪೆನ್ನು ಹಿಡಿದುಕೊಂಡೇ ಹೊರಬಂದರು. ಅಷ್ಟು ದೂರದಿಂದ ಬಂದವರನ್ನು ವಾಪಸ್ ಕಳಿಸುವುದು ಹೇಗೆ ಎಂದು ನನಗೇ ದಬಾಯಿಸಿದರು.

ಅಡುಗೆಮನೆಯಿಂದ ಬಂದ ಅಕ್ಕ ಆ ಪೆನ್ನು ಕಸಿದುಕೊಂಡಳು.

"ಅರ್ಜಿ ಆನು ಬರೀತೆ. ನಿಂಗ ಒಳಗೆ ಹೋಗಿ ಹಾಡು ಮುಗ್ಸಿ."

ಭಾವನಿಗೆ ನಂಬಿಕೆ ಬರಲಿಲ್ಲ. "ನಿಂಗೆ ಬರೆಯಲೆ ಬರ್ತ?"

"ಹನ್ನೊಂದು ವರ್ಷದಿಂದ ಕೇಳ್ತಾ ಇದ್ದೆ. ಮಾನ್ಯರೇ ಅನ್ನೂದ್ರಿಂದ ತಮ್ಮ ವಿಶ್ವಾಸಿ ತನಕ ಎಲ್ಲಾ ಬಾಯಿಪಾಠ ಆಯ್ದು."

ಬರೆದಳು. ಭಾವನದ್ದಕ್ಕಿಂತ ಚಿಕ್ಕದು, ಚೊಕ್ಕದು. ಓದಿಸಿಕೊಂಡು ಕೇಳಿದ ಆ ರೈತರು, ಇನ್ನು ಮುಂದೆ ಅಕ್ಕನನ್ನೇ ಕೇಳುತ್ತೇವೆ ಎಂದುಬಿಟ್ಟರು. ಆಗ ನೀವು ಭಾವನ ಮುಖ ನೋಡಬೇಕಿತ್ತು. ಇಷ್ಟು ವರ್ಷ ತಾನಿಲ್ಲದಿದ್ದರೆ ಊರೇ ನಡೆಯದು ಎಂದುಕೊಂಡಿದ್ದ ಮನುಷ್ಯ! ಸೀದಾ ಒಳಗೆ ಹೋಗಿ ಹಾರ್ಮೋನಿಯಂ ಮುಂದೆ ಕೂತರು. ಸಂಜೆ ಕಾಫಿಯ ಹೊತ್ತಿಗೆ ಕೊನೆಯ ಹಾಡು ಮುಗಿದಿತ್ತು. ಹಾಡಿ ತೋರಿಸಿದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. (ಈರುಳ್ಳಿ ಹೆಚ್ಚಿದ್ದಕ್ಕಂತೆ.)

ಅಂದಹಾಗೆ, ನಾನು ಯಲ್ಲಾಪುರಕ್ಕೆ ಹೋದದ್ದು ಭಾವನ ಆರೋಗ್ಯ ವಿಚಾರಿಸಲು ಅಂದುಕೊಂಡಿರಾ? ನನಗೂ ಒಂದು ಅರ್ಜಿ ಬರೆಸುವುದಿತ್ತು.